ಮೊದಲು ಯಾರ ರಕ್ತ? ಬಯೋಸೆನ್ಸರ್ ರೂಪಿಸುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಸ್ಟಾರ್ಟಪ್‌ಗಳಲ್ಲಿ ಮಿದುಳಿನ ಕಾಯಿಲೆಗಳನ್ನು ಪತ್ತೆಹಚ್ಚುವ ಬಯೋಸೆನ್ಸರ್‌ಗಳ ಮೇಲೆ ಕೆಲಸ ಮಾಡುತ್ತಿರುವ ಮಿತ್ರರೇ,

ನಿಮ್ಮ ಕ್ಷೇತ್ರದ ಪ್ರಬಂಧಗಳನ್ನು ಓದುತ್ತ ಬಂದವರಿಗೆ ಅವುಗಳ ಮೊದಲ ಪ್ಯಾರಾ ಬಾಯಿಪಾಠವಾಗಿಬಿಟ್ಟಿರುತ್ತದೆ. ಆಲ್‌ಝೈಮರ್ ಕಾಯಿಲೆಯ ಲಕ್ಷಣ ಹೊರಗೆ ಕಾಣುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೊಟೀನ್ ಕೂಡತೊಡಗುತ್ತದೆ. ಅದನ್ನು ತೋರಿಸುವ ಪೆಟ್ ಸ್ಕ್ಯಾನ್ ದುಬಾರಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆಸಿಕೊಳ್ಳಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಹೀಗಾಗಿ ಒಂದು ಹನಿ ರಕ್ತದಲ್ಲಿ, ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಕಾಯಿಲೆಯ ಸುಳಿವು ಹಿಡಿಯುವ ಸಾಧನ ಬೇಕು. ಇದರ ಮೊದಲರ್ಧದ ಬಗ್ಗೆ ನನಗೆ ತಕರಾರಿಲ್ಲ. ವಂಶದಲ್ಲೇ ಈ ಕಾಯಿಲೆ ಹರಿದುಬಂದ ಕುಟುಂಬಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಕ್ಷಣ ಕಾಣಬಹುದಾದ ವಯಸ್ಸಿಗಿಂತ ಸುಮಾರು 25 ವರ್ಷ ಮೊದಲೇ ಬೆನ್ನುಹುರಿ ದ್ರವದಲ್ಲೂ, ಸುಮಾರು 15 ವರ್ಷ ಮೊದಲೇ ಸ್ಕ್ಯಾನಿನಲ್ಲೂ ಬದಲಾವಣೆ ಕಂಡಿತ್ತು. ತಕರಾರಿರುವುದು ಅಲ್ಲಿಂದ ನೀವು ತಲುಪುವ ತೀರ್ಮಾನದ ಬಗ್ಗೆ. ಆರೋಗ್ಯವಾಗಿ ಓಡಾಡಿಕೊಂಡಿರುವ ಐವತ್ತರ ವಯಸ್ಸಿನವರ ಬೆರಳು ಚುಚ್ಚುವ ಸಾಧನಕ್ಕೆ ಈಗಲೇ ಕೈಹಾಕಬೇಡಿ. ಮರೆವು ಆಗಲೇ ಶುರುವಾಗಿ, ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತ ಹಿರಿಯರಿಗೆ ಉಪಯೋಗವಾಗುವ ಸಾಧನವನ್ನು ಮೊದಲು ಮಾಡಿ ಎಂದು ಕೇಳುವುದಕ್ಕೇ ಈ ಪತ್ರ.

ನಮ್ಮಲ್ಲಿ ಕಳೆದುಹೋಗುತ್ತಿರುವ ಕಾಲ ಯಾವುದು ಎಂದು ಒಮ್ಮೆ ನೋಡಿ. ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಸಮೀಕ್ಷೆಯ ಆಧಾರದ ಮೇಲೆ 2023ರಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಅದರ ಪ್ರಮಾಣ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ತಮಗಿರುವುದು ಒಂದು ಕಾಯಿಲೆ ಎಂದು ಯಾವ ವೈದ್ಯರೂ ಹೇಳಿರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತರೆ, ಪಿಂಚಣಿ ದುಡ್ಡನ್ನು ಎಲ್ಲಿಟ್ಟೆನೆಂದು ದಿನವಿಡೀ ಹುಡುಕಿದರೆ, ಮೊಮ್ಮಗನನ್ನು ತಮ್ಮನ ಹೆಸರಿನಿಂದ ಕರೆದರೆ, ಮನೆಯವರ ಬಾಯಲ್ಲಿ ಉತ್ತರ ಸಿದ್ಧ: ಅರವತ್ತಕ್ಕೆ ಅರಳುಮರಳು. ಆ ಮಾತಿನ ನೆರಳಲ್ಲೇ ಎರಡು ಮೂರು ವರ್ಷ ಸರಿದುಹೋಗುತ್ತದೆ. ಆಸ್ಪತ್ರೆಗೆ ಬರುವುದು ದಾರಿ ತಪ್ಪಿ ಪೊಲೀಸರು ಕರೆತಂದಾಗ, ಇಲ್ಲವೇ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕೂಗಾಡತೊಡಗಿದಾಗ. ಲಕ್ಷಣಕ್ಕೂ ಹದಿನೈದು ವರ್ಷ ಹಿಂದಿನ ಮೌನ ಕಾಲದ ಬಗ್ಗೆ ನೀವು ತಲೆಕೆಡಿಸಿಕೊಂಡಿದ್ದೀರಿ. ಲಕ್ಷಣ ಕಂಡ ಮೇಲಿನ ಈ ಎರಡು ಮೂರು ವರ್ಷ ಯಾರ ಗಮನಕ್ಕೂ ಬಂದಿಲ್ಲ.

ಈಗ ಸಾಧನದ ಮಾತು. ಇದು ನಿಮಗೆ ಗೊತ್ತಿರುವ ವಿಷಯವೇ, ಆದರೆ ಈ ಪತ್ರ ಓದುವ ಉಳಿದವರಿಗೂ ತಿಳಿಯಲಿ. ಬಯೋಸೆನ್ಸರ್ ಎಂದರೆ ಬೇಕಾದ ಅಣುವನ್ನು ಗುರುತಿಸಿ ಹಿಡಿಯುವ ಒಂದು ಜೈವಿಕ ವಸ್ತು ಮತ್ತು ಹಿಡಿದ ಸುದ್ದಿಯನ್ನು ವಿದ್ಯುತ್ತಾಗಿಯೋ ಬೆಳಕಾಗಿಯೋ ಬದಲಿಸುವ ಒಂದು ಮೇಲ್ಮೈ, ಇವೆರಡರ ಜೋಡಿ. 1962ರಲ್ಲಿ ಲೆಲೆಂಡ್ ಕ್ಲಾರ್ಕ್ ವಿವರಿಸಿದ ಗ್ಲೂಕೋಸ್ ಎಲೆಕ್ಟ್ರೋಡ್ ಈ ವಂಶದ ಮೂಲಪುರುಷ. ಇಂದು ಮನೆಮನೆಯಲ್ಲಿರುವ ಸಕ್ಕರೆ ಪರೀಕ್ಷೆಯ ಪಟ್ಟಿ ಅದರ ಮೊಮ್ಮಗು. ಆ ಯಶಸ್ಸೇ ನಿಮ್ಮೆಲ್ಲರ ಕನಸಿಗೆ ಮಾದರಿ. ಆದರೆ ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂದು ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಆಲ್‌ಝೈಮರ್ ಪತ್ತೆಗೆ ಇಂದು ಎಲ್ಲರೂ ನೆಚ್ಚಿರುವ ಪಿ-ಟೌ217 ಎಂಬ ಪ್ರೊಟೀನ್ ಅಷ್ಟೇ ಪ್ಲಾಸ್ಮಾದಲ್ಲಿ ಸಾಮಾನ್ಯವಾಗಿ ಒಂದು ಪಿಕೊಗ್ರಾಂ ಕೂಡ ಇರುವುದಿಲ್ಲ. ವ್ಯತ್ಯಾಸ ನೂರು ಕೋಟಿ ಪಟ್ಟಿಗೂ ಮಿಗಿಲು. ಸಾಲದ್ದಕ್ಕೆ ಅದೇ ಒಂದು ಮಿಲಿಲೀಟರಿನಲ್ಲಿ ಆಲ್ಬುಮಿನ್ ಎಂಬ ಇನ್ನೊಂದು ಪ್ರೊಟೀನ್ ಸುಮಾರು ನಲವತ್ತು ಮಿಲಿಗ್ರಾಂ ತೇಲುತ್ತಿರುತ್ತದೆ, ಮತ್ತು ಸಿಕ್ಕ ಮೇಲ್ಮೈಗೆಲ್ಲ ಅಂಟಿಕೊಳ್ಳುವುದು ಅದರ ಚಾಳಿ. ನೀವು ಚಿನ್ನದ ಮೇಲೋ ಗ್ರಾಫೀನ್ ಮೇಲೋ ಪಿ-ಟೌ ಹಿಡಿಯಲೆಂದು ಜೋಪಾನವಾಗಿ ಕೂರಿಸಿದ ಪ್ರತಿಕಾಯದ ಪಕ್ಕದಲ್ಲಿ ಆಲ್ಬುಮಿನ್ ಬಂದು ಕೂತರೆ ಸೆನ್ಸರಿಗೆ ಅದೂ ಒಂದು ಸಂಕೇತವೇ.

ಇನ್ನೊಂದು ತೊಡಕಂತೂ ಭೌತಶಾಸ್ತ್ರದ್ದೇ. ಟ್ರಾನ್ಸಿಸ್ಟರ್ ಮಾದರಿಯ ಸೆನ್ಸರ್ ತನ್ನ ಮೇಲ್ಮೈಗೆ ಬಂದು ಸೇರಿದ ಅಣುವಿನ ವಿದ್ಯುದಂಶವನ್ನು ಅನುಭವಿಸಿ ಕೆಲಸ ಮಾಡುತ್ತದೆ. ರಕ್ತದಲ್ಲಿರುವ ಉಪ್ಪಿನ ಅಯಾನುಗಳು ಆ ವಿದ್ಯುದಂಶವನ್ನು ಒಂದು ನ್ಯಾನೊಮೀಟರಿಗೂ ಕಡಿಮೆ ದೂರದಲ್ಲೇ ಮುಚ್ಚಿಹಾಕುತ್ತವೆ. ಪ್ರತಿಕಾಯದ ಎತ್ತರವೋ ಸುಮಾರು ಹತ್ತು ನ್ಯಾನೊಮೀಟರ್. ಅಂದರೆ ಬೇಟೆ ಬಲೆಗೆ ಬಿದ್ದರೂ ಬೇಟೆಗಾರನಿಗೆ ಕಾಣುವುದಿಲ್ಲ. ಇದಕ್ಕೆ ಪ್ರಯೋಗಾಲಯದಲ್ಲಿ ಕಂಡುಕೊಂಡ ಸುಲಭ ಉಪಾಯವೆಂದರೆ ಉಪ್ಪು ಕಡಿಮೆಯಿರುವ ತಿಳಿ ದ್ರಾವಣದಲ್ಲಿ ಪರೀಕ್ಷೆ ಮಾಡುವುದು, ಅಥವಾ ಸೀರಮ್ಮನ್ನು ನೂರಾರು ಪಟ್ಟು ತೆಳುಮಾಡಿ ಅದಕ್ಕೆ ಶುದ್ಧ ಪ್ರೊಟೀನನ್ನು ಕೈಯಾರೆ ಬೆರೆಸಿ ಅಳೆಯುವುದು. ಹಾಗೆ ಬಂದ ‘ಕನಿಷ್ಠ ಪತ್ತೆ ಮಿತಿ’ ಪ್ರಬಂಧದ ಸಾರಾಂಶದಲ್ಲಿ ಮಿನುಗುತ್ತದೆ: ಫೆಮ್ಟೊ, ಅಟ್ಟೊ, ಹೀಗೆ ದಶಮಾಂಶ ಬಿಂದುವಿನ ಮುಂದೆ ಸೊನ್ನೆಗಳ ಸಾಲು. ಇದನ್ನು ಮೋಸ ಎನ್ನಲಾರೆ. ಹೊಸ ಮೇಲ್ಮೈಯೊಂದು ಕೆಲಸ ಮಾಡುತ್ತದೆಯೇ ಎಂದು ನೋಡಲು ಮೊದಲು ಹೀಗೆಯೇ ಮಾಡಬೇಕು. ಆದರೆ ಅಲ್ಲೇ ನಿಂತು, ಮುಂದಿನ ವಾಕ್ಯದಲ್ಲಿ ‘ಮನೆಯಲ್ಲೇ ಪತ್ತೆಗೆ ದಾರಿ’ ಎಂದು ಬರೆಯುವುದು ಸರಿಯಲ್ಲ. ಎಷ್ಟು ಕಡಿಮೆಯನ್ನು ಕಾಣಬಲ್ಲಿರಿ ಎನ್ನುವುದಕ್ಕಿಂತ, ಇದ್ದವರಿಗೂ ಇಲ್ಲದವರಿಗೂ ನಡುವಿನ ವ್ಯತ್ಯಾಸವನ್ನು ದಿನದಿಂದ ದಿನಕ್ಕೆ, ಒಂದು ಸೆನ್ಸರ್ ಚಿಪ್ಪಿನಿಂದ ಇನ್ನೊಂದಕ್ಕೆ ಒಂದೇ ಸಮ ಕಾಣಬಲ್ಲಿರಾ ಎನ್ನುವುದು ಮುಖ್ಯ. ರಕ್ತದಲ್ಲಿನ ಅಮೈಲಾಯ್ಡ್ 42/40 ಅನುಪಾತವನ್ನೇ ತೆಗೆದುಕೊಳ್ಳಿ. ಮಿದುಳಿನಲ್ಲಿ ಅಮೈಲಾಯ್ಡ್ ಕೂಡಿದವರಲ್ಲಿ ಅದು ಇಳಿಯುವುದು ನೂರಕ್ಕೆ ಹತ್ತು ಹದಿನೈದರಷ್ಟು ಮಾತ್ರ. ನಿಮ್ಮ ಎರಡು ಚಿಪ್ಪುಗಳ ನಡುವೆಯೇ ಅಷ್ಟು ಹೆಚ್ಚುಕಡಿಮೆ ಇದ್ದರೆ ಆ ಅಳತೆಗೆ ಅರ್ಥವೇ ಉಳಿಯದು.

ದೊಡ್ಡ ಯಂತ್ರಗಳು ಎಲ್ಲಿಗೆ ಮುಟ್ಟಿವೆ ಎಂಬುದು ಇಲ್ಲಿ ಒಳ್ಳೆಯ ಅಳತೆಗೋಲು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಲ್‌ಝೈಮರ್ ಪತ್ತೆಗೆ ನೆರವಾಗುವ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಫ್ಯೂಜಿರೆಬಿಯೊ ಕಂಪನಿಯ ಲೂಮಿಪಲ್ಸ್. ಪ್ಲಾಸ್ಮಾದ ಪಿ-ಟೌ217 ಮತ್ತು ಅಮೈಲಾಯ್ಡ್ 42ರ ಅನುಪಾತವನ್ನು ಅದು ನೋಡುತ್ತದೆ. ಒಟ್ಟು 499 ಜನರ ಮಾದರಿಗಳಲ್ಲಿ, ಪಾಸಿಟಿವ್ ಬಂದವರ ಪೈಕಿ ನೂರಕ್ಕೆ 91.7 ಜನರಲ್ಲಿ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದ ಪರೀಕ್ಷೆಯೂ ಅಮೈಲಾಯ್ಡ್ ಇದೆಯೆಂದಿತು. ನೆಗೆಟಿವ್ ಬಂದವರ ಪೈಕಿ ನೂರಕ್ಕೆ 97.3 ಜನರಲ್ಲಿ ಇಲ್ಲವೆಂದಿತು. ಬಹಳ ಒಳ್ಳೆಯ ಫಲಿತಾಂಶ. ಆದರೆ ಇದರ ಜೊತೆ ಎರಡು ಸಂಗತಿಗಳನ್ನು ಓದಬೇಕು. ಒಂದು, ಆ 499 ಜನರೂ ಅರಿವಿನ ಶಕ್ತಿಯಲ್ಲಿ ಆಗಲೇ ಕುಂದು ಕಂಡವರು. ಒಪ್ಪಿಗೆ ಸಿಕ್ಕಿರುವುದು ಲಕ್ಷಣವಿರುವ 55 ದಾಟಿದವರಿಗೆ, ತಜ್ಞವೈದ್ಯರ ಕೈಯಲ್ಲಿ, ಬೇರೆ ಮಾಹಿತಿಯ ಜೊತೆಗಿಟ್ಟು ನೋಡಲು. ಇನ್ನೊಂದು, ನೂರರಲ್ಲಿ ಇಪ್ಪತ್ತಕ್ಕೆ ತುಸು ಕಡಿಮೆ ಜನರಿಗೆ ಆ ಯಂತ್ರ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಈ ನಡುವಿನ ಪಟ್ಟಿಯೇ ಆ ಪರೀಕ್ಷೆಯ ಪ್ರಾಮಾಣಿಕತೆ. ಅಂಗೈಯಗಲದ ಸಾಧನಗಳ ಜಾಹೀರಾತುಗಳಲ್ಲಿ ಮಾತ್ರ ಇರುವುದು ಎರಡೇ ದೀಪ: ಕೆಂಪು, ಹಸಿರು.

ಅದೇ ಪರೀಕ್ಷೆಯನ್ನು ಆರೋಗ್ಯವಂತರ ಮೇಲೆ ಮಾಡಿದರೆ ಏನಾಗುತ್ತದೆ? ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ನಿಮ್ಮ ಸೆನ್ಸರ್ ಅಮೈಲಾಯ್ಡ್ ಇರುವ ನೂರರಲ್ಲಿ 90 ಜನರನ್ನು ಸರಿಯಾಗಿ ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳಿ. ಮರೆವಿನ ಕ್ಲಿನಿಕ್ಕಿಗೆ ಬಂದ ಸಾವಿರ ಜನರಲ್ಲಿ ಅರ್ಧಕ್ಕೆ ಅಮೈಲಾಯ್ಡ್ ಇದ್ದರೆ 450 ಜನರಿಗೆ ನಿಜವಾದ ಪಾಸಿಟಿವ್, 50 ಜನರಿಗೆ ಸುಳ್ಳು ಪಾಸಿಟಿವ್. ಹತ್ತರಲ್ಲಿ ಒಂಬತ್ತು ಮಾತು ನಿಜ. ಈಗ ಅದೇ ಸಾಧನವನ್ನು ಅಪಾರ್ಟ್‌ಮೆಂಟಿನ ಆರೋಗ್ಯ ಶಿಬಿರಕ್ಕೆ ಒಯ್ಯಿರಿ. 2015ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಂತೆ ಅರಿವು ಸರಿಯಿರುವ 50ರ ವಯಸ್ಸಿನವರಲ್ಲಿ ಅಮೈಲಾಯ್ಡ್ ಇರುವುದು ನೂರಕ್ಕೆ ಸುಮಾರು ಹತ್ತು ಜನರಲ್ಲಿ. ಸಾವಿರದಲ್ಲಿ ನಿಜವಾದ ಪಾಸಿಟಿವ್ 90, ಸುಳ್ಳು ಪಾಸಿಟಿವ್ ಕೂಡ 90. ನಾಣ್ಯ ಚಿಮ್ಮಿದಂತೆ. ಮಾತು ಇಲ್ಲಿಗೇ ಮುಗಿಯುವುದಿಲ್ಲ. ಅದೇ ವಿಶ್ಲೇಷಣೆ ಅರಿವು ಸರಿಯಿರುವ 90ರ ವಯಸ್ಸಿನವರಲ್ಲೂ ನೂರಕ್ಕೆ 44 ಜನರಲ್ಲಿ ಅಮೈಲಾಯ್ಡ್ ಕಂಡಿತ್ತು. ಅಂದರೆ ಆ 90 ನಿಜವಾದ ಪಾಸಿಟಿವ್‌ಗಳಲ್ಲೂ ಎಷ್ಟೋ ಜನ ಮರೆವಿನ ಮುಖವನ್ನೇ ಕಾಣದೆ ಬದುಕಿ ಮುಗಿಸುತ್ತಾರೆ. ಸೆನ್ಸರ್ ಇನ್ನಷ್ಟು ಸೂಕ್ಷ್ಮವಾದರೂ ಈ ಕೊನೆಯ ಸಮಸ್ಯೆ ಬಗೆಹರಿಯದು. ಅದು ಸಾಧನದ ದೋಷವಲ್ಲ, ಜೀವಶಾಸ್ತ್ರದ ಸ್ಥಿತಿ.

ಇದಕ್ಕೆ ನಿಮ್ಮ ಉತ್ತರ ನನಗೆ ಗೊತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುತ್ತೀರಾ ಎನ್ನುತ್ತೀರಿ. ಔಷಧಿಗಳು ಬರುತ್ತಿವೆ, ಅವು ಬೇಗ ಕೊಟ್ಟಷ್ಟೂ ಹೆಚ್ಚು ಕೆಲಸ ಮಾಡುತ್ತವೆ, ಆಗ ಸೆನ್ಸರ್ ಸಿದ್ಧವಿರದಿದ್ದರೆ ಗತಿಯೇನು? ತೂಕದ ಆಕ್ಷೇಪಣೆ, ಆದ್ದರಿಂದ ಪುರಾವೆಯನ್ನೇ ಮುಂದಿಡುತ್ತೇನೆ. ಲಕ್ಷಣವಿಲ್ಲದ, ಆದರೆ ಮಿದುಳಿನಲ್ಲಿ ಅಮೈಲಾಯ್ಡ್ ಇದ್ದ 1,169 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೊಲಾನೆಜುಮ್ಯಾಬ್ ಎಂಬ ಔಷಧಿಯನ್ನೂ ಉಳಿದವರಿಗೆ ಹುಸಿ ಔಷಧಿಯನ್ನೂ ನಾಲ್ಕೂವರೆ ವರ್ಷ ಕೊಟ್ಟು ನೋಡಿದ ಎ4 ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಅರಿವಿನ ಇಳಿಕೆಯನ್ನು ಆ ಔಷಧಿ ನಿಧಾನಗೊಳಿಸಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಲಕ್ಷಣವಿರುವ ಆರಂಭಿಕ ಹಂತದವರಲ್ಲಿ ಇಳಿಕೆಯನ್ನು ನೂರಕ್ಕೆ 27ರಷ್ಟು ನಿಧಾನಗೊಳಿಸಿತು ಎಂಬುದು ನಿಜ. ಹದಿನೆಂಟು ತಿಂಗಳಾದ ಮೇಲೆ 18 ಅಂಕಗಳ ಮಾಪಕದಲ್ಲಿ ಆ ವ್ಯತ್ಯಾಸ 0.45. ಔಷಧಿ ಪಡೆದವರಲ್ಲಿ ನೂರಕ್ಕೆ 12.6 ಜನರ ಮಿದುಳಿನಲ್ಲಿ ಬಾವು ಕಂಡಿತು, ಅದರ ಮೇಲೆ ಕಣ್ಣಿಡಲು ಮತ್ತೆ ಮತ್ತೆ ಎಂಆರ್‌ಐ ಬೇಕು, ಅಮೆರಿಕದಲ್ಲಿ 2023ರಲ್ಲಿ ವರ್ಷಕ್ಕೆ ಇಟ್ಟ ಬೆಲೆ 26,500 ಡಾಲರ್. ಲಕ್ಷಣವಿಲ್ಲದವರ ಮೇಲೆ ಹೊಸ ಔಷಧಿಗಳ ಪ್ರಯೋಗಗಳು ನಡೆಯುತ್ತಿವೆ. ಅವು ಗೆದ್ದರೆ ನನ್ನ ವಾದದ ಈ ಭಾಗ ಬಿದ್ದುಹೋಗುತ್ತದೆ, ಸಂತೋಷದಿಂದಲೇ ಬೀಳಲಿ. ಅಲ್ಲಿಯವರೆಗೆ ಆರೋಗ್ಯವಂತರಿಗೆ ಸೆನ್ಸರ್ ಮಾರುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ. ಸಂಶೋಧನೆ ನಿಲ್ಲಿಸಿ ಎಂದು ಹೇಳುತ್ತಿಲ್ಲ, ಮಾರಾಟದ ಮಾತನ್ನು ನಿಲ್ಲಿಸಿ ಎನ್ನುತ್ತಿದ್ದೇನೆ.

ಔಷಧಿ ಇಲ್ಲದಿದ್ದರೇನು, ಮೊದಲೇ ತಿಳಿದರೆ ಜೀವನಕ್ರಮ ಬದಲಿಸಿಕೊಳ್ಳಬಹುದಲ್ಲ ಎಂಬ ಮಾತೂ ಇದೆ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿಮಾಡಿ, ಅವನ್ನೆಲ್ಲ ನಿಭಾಯಿಸಿದರೆ ಸುಮಾರು ನೂರಕ್ಕೆ 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ, ಓದಿಲ್ಲದಿರುವುದು. ಈ ಪಟ್ಟಿಯಲ್ಲಿ ಪಿ-ಟೌ ಅಳೆದ ಮೇಲಷ್ಟೇ ಮಾಡಬೇಕಾದ ಕೆಲಸ ಒಂದೂ ಇಲ್ಲ. ಬಿಪಿ ಇದ್ದವರು ಪಾಸಿಟಿವ್ ಆದರೂ ಮಾತ್ರೆ ನುಂಗಬೇಕು, ನೆಗೆಟಿವ್ ಆದರೂ ನುಂಗಬೇಕು. ಭಯ ಹುಟ್ಟಿದರೆ ಜನ ಶಿಸ್ತಿಗೆ ಬರುತ್ತಾರೆ ಎಂದು ಕೆಲವರು ಹೇಳಬಹುದು. ನೆಗೆಟಿವ್ ಬಂದವರು ಅದೇ ಧೈರ್ಯದಲ್ಲಿ ಬಿಪಿ ಮಾತ್ರೆ ಬಿಟ್ಟುಬಿಡುವ ಸಾಧ್ಯತೆಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ತನ್ನ ದೇಹದ ವಿಷಯ ತಿಳಿಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ, ಅದನ್ನು ತಡೆಯಲು ನೀವು ಯಾರು ಎಂಬುದು ಮೂರನೆಯ ಆಕ್ಷೇಪಣೆ. ಹಕ್ಕಿದೆ, ಒಪ್ಪುತ್ತೇನೆ. ಆದರೆ ತಿಳಿಯಬೇಕಾದರೆ ಅಲ್ಲಿ ಮೊದಲು ತಿಳಿಯುವಂಥದ್ದೇನಾದರೂ ಇರಬೇಕು. ರಕ್ತದಲ್ಲಿ ಗುರುತು ಇದ್ದು ಲಕ್ಷಣವಿಲ್ಲದವರನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ತಜ್ಞರಿಗೆ ಒಮ್ಮತವಿಲ್ಲ. ಅಮೆರಿಕದ ಆಲ್‌ಝೈಮರ್ಸ್ ಅಸೋಸಿಯೇಷನ್ ರಚಿಸಿದ ತಂಡ 2024ರಲ್ಲಿ ಕಾಯಿಲೆಯನ್ನು ಜೈವಿಕ ಗುರುತುಗಳಿಂದಲೇ ನಿರ್ಧರಿಸಬಹುದು ಎಂದರೆ, ಇದೇ ಕ್ಷೇತ್ರದ ತಜ್ಞರ ಅಂತಾರಾಷ್ಟ್ರೀಯ ಕಾರ್ಯಕಾರಿ ಗುಂಪು ಅದೇ ವರ್ಷ ಅಂಥವರು ರೋಗಿಗಳಲ್ಲ, ಅಪಾಯದ ಅಂಚಿನಲ್ಲಿರುವವರು ಮಾತ್ರ ಎಂದಿತು. ಮೊದಲ ತಂಡ ಕೂಡ ಲಕ್ಷಣವಿಲ್ಲದವರನ್ನು ಸಂಶೋಧನೆಯ ಹೊರಗೆ ಪರೀಕ್ಷಿಸಲು ಈಗ ಶಿಫಾರಸು ಮಾಡುವುದಿಲ್ಲ. ತಜ್ಞರು ಹೆಸರಿಡಲು ಹಿಂಜರಿಯುವುದನ್ನು ಒಂದು ಕೆಂಪು ದೀಪ ಹೇಳಿಬಿಟ್ಟರೆ, ಅದರ ಜೊತೆ ಬದುಕಬೇಕಾದವರು ಇನ್ನೂ ಕೆಲಸದಲ್ಲಿರುವ, ಮಗಳ ಮದುವೆ ಮಾಡಬೇಕಿರುವ, ಆರೋಗ್ಯ ವಿಮೆಯ ಅರ್ಜಿಯಲ್ಲಿ ಸುಳ್ಳು ಬರೆಯಲಾಗದ ಮನುಷ್ಯರು.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಕೆಲಸ ಬೇಕೇಬೇಕು ಎನ್ನುವುದಕ್ಕೆ ನನಗೆ ಬಲವಾದ ಕಾರಣವೊಂದಿದೆ, ಮತ್ತು ಅದು ನಿಮ್ಮ ಪ್ರಬಂಧಗಳಲ್ಲಿ ಕಾಣದ ಕಾರಣ. ಮರೆವನ್ನು ಅಳೆಯುವ ಕಾಗದ-ಪೆನ್ಸಿಲ್ ಪರೀಕ್ಷೆಗಳು ಓದುಬರಹ ಬಲ್ಲವರಿಗಾಗಿ ಹುಟ್ಟಿದವು. ನೂರರಿಂದ ಏಳೇಳು ಕಳೆಯಿರಿ, ಈ ಚಿತ್ರ ನೋಡಿ ಹಾಗೆಯೇ ಬರೆಯಿರಿ, ಇವತ್ತಿನ ತಾರೀಕು ಹೇಳಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ, ಮನೆಯ ಲೆಕ್ಕವನ್ನೆಲ್ಲ ಬೆರಳಲ್ಲೇ ಹಿಡಿದವರು, ಇಲ್ಲಿ ಸುಮ್ಮನೆ ಅಂಕ ಕಳೆದುಕೊಳ್ಳುತ್ತಾರೆ. ಐಸಿಎಂಆರ್ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿದ್ದು ಈ ಕೊರತೆ ತುಂಬಲೆಂದೇ. ಆದರೂ ಅಂಕ ಕಡಿಮೆ ಬಂದಾಗ ಅದು ಓದಿನ ಕೊರತೆಯೋ ಕಾಯಿಲೆಯೋ ಎಂಬ ಅನುಮಾನ ವೈದ್ಯರನ್ನು ಬಿಡುವುದಿಲ್ಲ. ರಕ್ತಕ್ಕೆ ಅಕ್ಷರಜ್ಞಾನದ ಹಂಗಿಲ್ಲ. ನಿಮ್ಮ ಸಾಧನದ ನಿಜವಾದ ಜಾಗ ಇದು: ಲಕ್ಷಣವಿದೆ, ಪರೀಕ್ಷೆಯ ಅಂಕ ನಂಬಲಾಗುತ್ತಿಲ್ಲ, ಪೆಟ್ ಸ್ಕ್ಯಾನ್ ನೂರಾರು ಕಿಲೋಮೀಟರ್ ದೂರದಲ್ಲಿದೆ.

ಆ ಜಾಗಕ್ಕೆ ಬರಬೇಕೆಂದರೆ ನಮ್ಮ ಜನರ ರಕ್ತದ ಪರಿಚಯವಾಗಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಪಿ-ಟೌ ಏರುತ್ತದೆ, ಮೈತೂಕ ಹೆಚ್ಚಿದ್ದವರಲ್ಲಿ ಇಳಿದಂತೆ ಕಾಣುತ್ತದೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರು ನಮ್ಮಲ್ಲಿ ಎಷ್ಟು ಎಂಬುದನ್ನು ಯಾವ ಡಯಾಲಿಸಿಸ್ ಘಟಕದ ಮುಂದೆ ನಿಂತರೂ ತಿಳಿಯುತ್ತದೆ. ಸ್ವೀಡನ್ನಿನವರ, ಅಮೆರಿಕದ ಬಿಳಿಯರ ರಕ್ತದಲ್ಲಿ ಗೊತ್ತುಮಾಡಿದ ಗೆರೆಯನ್ನು ಹಾಗೆಯೇ ತಂದು ಇಲ್ಲಿ ಎಳೆದರೆ ಮೂತ್ರಪಿಂಡ ಸೋತು ಕ್ರಿಯಾಟಿನಿನ್ ಹೆಚ್ಚಿದ್ದವರೆಲ್ಲ ಆಲ್‌ಝೈಮರ್ ರೋಗಿಗಳಾಗಿಬಿಡಬಹುದು. ಈ ಕೆಲಸಕ್ಕೆ ನೀವು ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿಯ ಜನರನ್ನು, ಹತ್ತು ಸಾವಿರ ಮಂದಿಯ ಗುರಿಯಿಟ್ಟುಕೊಂಡು, ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಅಂಥ ಕಡೆ ಸಂಗ್ರಹವಾದ ನಿಜವಾದ ರಕ್ತದಲ್ಲಿ, ಯಾವ ಟ್ಯೂಬ್ ಯಾರದೆಂದು ತಿಳಿಯದಂತೆ ನಿಮ್ಮ ಚಿಪ್ಪನ್ನು ಪರೀಕ್ಷೆಗೆ ಒಡ್ಡಿ. ತಿಳಿ ದ್ರಾವಣದಲ್ಲಿ ಇನ್ನೊಂದು ಸೊನ್ನೆ ಸೇರಿಸುವುದಕ್ಕಿಂತ ಅದು ಹತ್ತು ಪಾಲು ಕಷ್ಟ, ನೂರು ಪಾಲು ಬೆಲೆಯುಳ್ಳದ್ದು. ಪಾರ್ಕಿನ್ಸನ್ ಕಾಯಿಲೆಗೆ ಸೆನ್ಸರ್ ಮಾಡುತ್ತಿರುವವರಿಗೂ ಇದೇ ಮಾತು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೊಟೀನಿನ ‘ಬೀಜ’ಗಳನ್ನು ಬೆಳೆಸಿ ನೋಡುವ ಪರೀಕ್ಷೆ 2023ರ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ 87.7 ರೋಗಿಗಳನ್ನು ಗುರುತಿಸಿತು, ಆದರೆ ಅದು ಬೆನ್ನುಹುರಿ ದ್ರವದಲ್ಲಿ. ಅದನ್ನು ರಕ್ತಕ್ಕೋ ಚರ್ಮಕ್ಕೋ ಇಳಿಸಿ ನಂಬುವಂತೆ ಮಾಡುವುದೇ ಉಳಿದಿರುವ ಕೆಲಸ.

ಇನ್ನೊಂದು ಪೈಪೋಟಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ನಿಮ್ಮಲ್ಲಿ ಹಲವರು ಅದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಬೆರಳ ತುದಿಯ ರಕ್ತವನ್ನು ಕಾರ್ಡಿನ ಮೇಲೆ ಒಣಗಿಸಿ, ಐಸಿನ ಗೊಡವೆಯಿಲ್ಲದೆ ಅಂಚೆಯಲ್ಲಿ ಕಳಿಸಿ, ದೊಡ್ಡ ಯಂತ್ರದಲ್ಲಿ ಪಿ-ಟೌ217 ಅಳೆಯುವ ಪ್ರಯತ್ನ ಯುರೋಪಿನ ಕೇಂದ್ರಗಳಲ್ಲಿ ನಡೆದಿದೆ. ಅದು ಪಳಗಿದರೆ ಯಂತ್ರ ಹಳ್ಳಿಗೆ ಹೋಗುವ ಅಗತ್ಯವೇ ಬೀಳದು. ಮುಳಬಾಗಿಲಿನ ಕಾರ್ಡು ಬೆಂಗಳೂರಿಗೆ ಬಂದರೆ ಸಾಕು. ಹಾಗಾದರೆ ಸ್ಥಳದಲ್ಲೇ ಉತ್ತರ ಕೊಡುವ ಚಿಪ್ಪಿಗೆ ಏನು ಉಳಿಯಿತು? ಉಳಿದದ್ದು ಸಮಯ. ಕೂಲಿ ಬಿಟ್ಟು ಅಪ್ಪನನ್ನು ಕರೆತಂದ ಮಗ ವರದಿಗಾಗಿ ಎರಡನೆಯ ಸಲ ಬರುವುದು ಖಾತ್ರಿಯಿಲ್ಲ. ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ತೋಳಿನಿಂದ ಸಿರಿಂಜಿನಲ್ಲಿ ತೆಗೆದ ರಕ್ತಕ್ಕೆ ಮಧ್ಯಾಹ್ನದ ಬಸ್ಸಿನೊಳಗೆ ಉತ್ತರ ಕೊಡುವ ಸಾಧನ ಮಾಡಿ. ಬೆರಳ ಹನಿಯೇ ಆಗಬೇಕೆಂಬ ಹಟ ಬೇಡ, ಜಿಲ್ಲಾಸ್ಪತ್ರೆಯಲ್ಲಿ ರಕ್ತ ತೆಗೆಯುವ ನರ್ಸ್ ಇದ್ದಾರೆ. ಅದರಲ್ಲಿ ಪಿ-ಟೌ ಜೊತೆಗೇ ಬಿ12, ಥೈರಾಯ್ಡ್, ಕ್ರಿಯಾಟಿನಿನ್ ಕೂಡ ಬರಲಿ. ಬಿ12 ಕೊರತೆಯಿಂದ, ಥೈರಾಯ್ಡ್ ಕುಗ್ಗಿದ್ದರಿಂದ ಬರುವ ಮರೆವಿಗೆ ಇಂದೇ ಮದ್ದಿದೆ, ಅಂಥವರನ್ನು ಆಲ್‌ಝೈಮರ್ ಎಂದು ಕಳಿಸಿಬಿಟ್ಟರೆ ಅದು ಅನ್ಯಾಯ. ಪಾಸಿಟಿವ್, ನೆಗೆಟಿವ್ ಎರಡರ ನಡುವೆ ‘ಹೇಳಲಾಗದು, ನಿಮ್ಹಾನ್ಸ್‌ಗೆ ಕಳಿಸಿ’ ಎಂಬ ಮೂರನೆಯ ಉತ್ತರವನ್ನು ಸಾಧನದ ಮೇಲೆಯೇ ಅಚ್ಚುಮಾಡಿ. ನಿಮ್ಮ ಮುಂದಿನ ಅನುದಾನದ ಅರ್ಜಿಯಲ್ಲಿ ‘ಮನೆ ಬಳಕೆಗೆ’ ಎಂದಿರುವ ಕಡೆ ‘ಜಿಲ್ಲಾಸ್ಪತ್ರೆಯ ಹೊರರೋಗಿ ವಿಭಾಗಕ್ಕೆ’ ಎಂದು ತಿದ್ದಿ, ಮೌಲ್ಯಮಾಪನದ ಖರ್ಚಿನ ಸಾಲಿನಲ್ಲಿ ಚಿಪ್ಪು ತಯಾರಿಕೆಗಿಂತ ದೊಡ್ಡ ಮೊತ್ತ ಬರೆಯಿರಿ. ಸಮಿತಿಯವರು ಏಕೆಂದು ಕೇಳಿದರೆ ಈ ಪತ್ರ ತೋರಿಸಬಹುದು.

ವಿಶ್ವಾಸದಿಂದ,
ನಿಮ್ಮ ಕೆಲಸವನ್ನು ಗಮನವಿಟ್ಟು ಓದುವ ಒಬ್ಬ ಕನ್ನಡ ಲೇಖಕ